ಫೈನಲ್‌ಗೆ ಇಳಿಯದ ಕವಿತಾ

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನಾಗ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯೆ. ನಗರದಲ್ಲಿ ರಾಷ್ಟ್ರಮಟ್ಟದ ರೋಲರ್ ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆ ನಡೆದಾಗ ಓಟ ನಡೆಯುವ ರಿಂಕ್ ಪಕ್ಕದ ವೈದ್ಯಕೀಯ ಹೊಣೆ ನನಗೆ ಬಂತು. ದುರ್ಗಿಗುಡಿಯ ಮನೆಯಿಂದ ಹೊರಡುವಾಗ, ಮಂಡಿ ತರಚಿದವರಿಗೆ ಪಟ್ಟಿ ಕಟ್ಟುವುದಷ್ಟೇ ಕೆಲಸ ಎಂದುಕೊಂಡಿದ್ದೆ.

ಹತ್ತಿರದಿಂದ ನೋಡುವವರೆಗೆ ಆ ಆಟದ ವೇಗ ನನಗೆ ತಿಳಿದಿರಲಿಲ್ಲ. ಹುಡುಗಿಯರು ಸೊಂಟ ಬಗ್ಗಿಸಿ, ಒಂದು ಕೈ ಬೆನ್ನಿಗಿಟ್ಟು, ಒಬ್ಬರಿಗೊಬ್ಬರು ಅಂಟಿಕೊಂಡಂತೆ ತಿರುವಿಗೆ ನುಗ್ಗುತ್ತಿದ್ದರು. ಯಾರಾದರೂ ಒಬ್ಬರು ಜಾರಿದರೂ ಹಿಂದಿನವರಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ಊರವರ ಕಣ್ಣೆಲ್ಲ ಭದ್ರಾವತಿಯ ಕವಿತಾಳ ಮೇಲಿತ್ತು. ಅವಳ ತಂದೆ ಮುರುಗೇಶ್ ಅಲ್ಲಿ ಕಾರ್ಖಾನೆ ಕಾರ್ಮಿಕರು. ಕ್ವಾರ್ಟರ್ಸ್ ಮುಂದಿನ ರಸ್ತೆಯಲ್ಲಿ ಮಗಳ ಸ್ಕೇಟ್ಸ್ ಹಿಂದೆ ಸೈಕಲ್ ತುಳಿದು ಅಭ್ಯಾಸ ಮಾಡಿಸಿದವರು. ಅವಳ ವಯೋಮಿತಿಯ ವಿಭಾಗದಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು, ಹಾಸ್ಟೆಲ್ ಎರಡೂ ಸಿಗಬಹುದೆಂದು ಕೋಚ್ ಹೇಳಿದ್ದರು.

ಸೆಮಿಫೈನಲ್‌ನಲ್ಲಿ ಮುಂದಿದ್ದ ಹುಡುಗಿ ಜಾರಿದಳು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಉರುಳಿದರು. ಕವಿತಾಳ ತಲೆ ರಿಂಕ್ ಅಂಚಿಗೆ ಬಡಿದು ಹೆಲ್ಮೆಟ್ ಸೀಳಿಹೋಯಿತು. ನಾನು ಓಡಿ ತಲುಪುವ ಮೊದಲೇ ಅವಳು ಎದ್ದು, ಉಳಿದ ಸುತ್ತು ಮುಗಿಸಿ, ಫೈನಲ್‌ಗೆ ಅರ್ಹತೆ ಪಡೆದಳು. ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಅವಳು ನನ್ನ ಪಕ್ಕ ಕೂತು, ನೀರು ಕುಡಿದು, ಮೆಲ್ಲಗೆ ಕೇಳಿದಳು.

“ಸೆಮಿಫೈನಲ್ ಯಾವಾಗ ಶುರುವಾಗುತ್ತೆ ಮೇಡಂ?”

ಈಗಷ್ಟೇ ಮುಗಿಸಿದ ಓಟವೇ ಅವಳಿಗೆ ನೆನಪಿರಲಿಲ್ಲ. ಇದನ್ನು ಕಂಕಷನ್ ಎನ್ನುತ್ತೇವೆ. ಬುರುಡೆ ಒಡೆಯದಿದ್ದರೂ ಒಳಗೆ ಮಿದುಳು ಅಲುಗಿರುತ್ತದೆ. ಅದು ಸುಧಾರಿಸುವ ಮೊದಲೇ ಮತ್ತೊಂದು ಪೆಟ್ಟು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಅಪಾಯವಾಗಬಹುದು. ಹಾಗಾಗುವುದು ಬಹಳ ಅಪರೂಪ. ಆದರೆ ಯಾರಿಗೆ ಆಗುತ್ತದೆಂದು ಮೊದಲೇ ಹೇಳಲಾಗದು.

ಫೈನಲ್ ಇದ್ದದ್ದು ಮಧ್ಯಾಹ್ನ. ಊಟದ ಹೊತ್ತಿಗೆ ಕವಿತಾ ಪೂರ್ತಿ ಸರಿಹೋದಂತೆ ಕಂಡಳು. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟಳು. ಕೋಚ್ ಬೇರೆ ಹೆಲ್ಮೆಟ್ ತಂದಿಟ್ಟರು. ಮುಖ್ಯ ತೀರ್ಪುಗಾರರು ವೈದ್ಯರ ಮಾತೇ ಅಂತಿಮ ಎಂದು ದೂರ ಸರಿದರು. ನಾನು ಬೇಡವೆಂದೆ.

ಮುರುಗೇಶ್ ದನಿ ಏರಿಸಲಿಲ್ಲ. “ನೋವಿಲ್ಲ ಅಂತಾಳಲ್ಲ ಡಾಕ್ಟ್ರಮ್ಮ. ನಿಮ್ ಮಗಳಾಗಿದ್ರೂ ಹಿಂಗೇ ಕೂರಿಸ್ತಿದ್ರಾ?”

“ಕೂರಿಸ್ತಿದ್ದೆ” ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಕವಿತಾ ಸ್ಕೇಟ್ಸ್ ಬಿಚ್ಚಲು ಒಪ್ಪದೆ, ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಫೈನಲ್ ನೋಡಿದಳು. ಪ್ರತಿ ತಿರುವಿನಲ್ಲೂ ಅವಳ ಕಾಲು ತಾನಾಗಿ ಒಂದಿಷ್ಟು ಓರೆಯಾಗುತ್ತಿತ್ತು. ಓಟ ಮುಗಿದಾಗ ಕೋಚ್ ಸ್ಟಾಪ್‌ವಾಚನ್ನು ನನ್ನ ಮುಂದೆ ಹಿಡಿದರು. ಗೆದ್ದವಳ ವೇಗ ಕವಿತಾಳ ಅಭ್ಯಾಸದ ವೇಗಕ್ಕಿಂತ ಕಡಿಮೆಯಿತ್ತು.

ಸಂಜೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಏನೂ ಇರಲಿಲ್ಲ. ಕಂಕಷನ್ ಇಂಥ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲವೆಂದು ಎಷ್ಟು ವಿವರಿಸಿದರೂ, ಮುರುಗೇಶರಿಗೆ ಕೇಳಿಸಿದ್ದು “ಏನೂ ಇಲ್ಲ” ಎಂಬುದೊಂದೇ. ಅವರು ಮಗಳ ಕೈ ಹಿಡಿದು ಭದ್ರಾವತಿ ಬಸ್ಸಿಗೆ ಹೊರಟರು. ಆ ಕಾಲೇಜು ಸೀಟು ಅವಳಿಗೆ ಸಿಗಲಿಲ್ಲವೆಂದು ಆಮೇಲೆ ಕೇಳಿದೆ.

ಕೆಲವು ವರ್ಷಗಳ ನಂತರ ಹೊಸಮನೆ ಬಡಾವಣೆಯ ಮದುವೆಯೊಂದರಲ್ಲಿ ಅವಳೇ ಬಂದು ಮಾತನಾಡಿಸಿದಳು. ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸ್ಕೇಟಿಂಗ್ ಬಿಟ್ಟಿದ್ದಳು. ಅಂದು ಓಡಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. ಗೊತ್ತಿಲ್ಲವೆಂದೆ. ಬಹುಶಃ ಏನೂ ಆಗುತ್ತಿರಲಿಲ್ಲ, ಗೆದ್ದೇ ಬಿಡುತ್ತಿದ್ದೆಯೇನೋ ಎಂದೂ ಹೇಳಿದೆ.

ಅವಳು ತಲೆಯಾಡಿಸಿದಳು. “ಬಿದ್ದಿದ್ದು ನಂಗೆ ಇವತ್ತಿಗೂ ನೆನಪಿಲ್ಲ ಮೇಡಂ. ನೀವು ಕೂರಿಸಿದ್ದು ಮಾತ್ರ ನೆನಪಿದೆ.”

ನಾವು ವಾಸಿ ಮಾಡಿದ ಕಾಯಿಲೆಗೆ ಸಾಕ್ಷಿಯಿರುತ್ತದೆ, ತಡೆದ ಅಪಾಯಕ್ಕೆ ಇರುವುದಿಲ್ಲ. ಆ ಅಪಾಯ ನಿಜಕ್ಕೂ ಇತ್ತೇ ಎಂಬುದು ತಡೆದವರಿಗೂ ತಿಳಿಯುವುದಿಲ್ಲ. ಅದು ತಿಳಿಯದೆಯೇ ಬೇಡ ಎನ್ನಬೇಕು. ಆಮೇಲೆ ಕ್ರೀಡಾಂಗಣಗಳಲ್ಲಿ ಎಷ್ಟೋ ಮಕ್ಕಳನ್ನು ಕೂರಿಸಿದ್ದೇನೆ. ಯಾರಿಂದಲೂ ಧನ್ಯವಾದ ನಿರೀಕ್ಷಿಸಿಲ್ಲ.