ಮ್ಯಾಂಗನೀಸ್ ಸಲ್ಫೈಡಿನ ಲೆಕ್ಕ ಮತ್ತು ನಮ್ಮ ಸುನಂದಾ ಮೇಡಂ

ಸಂಕ್ರಮಣ ಲೋಹಗಳ ಸಲ್ಫೈಡುಗಳಲ್ಲಿ ಎಲೆಕ್ಟ್ರಾನುಗಳು ಹೇಗೆ ನೆಲೆಗೊಂಡಿವೆ, ಆ ನೆಲೆಗಳ ನಡುವೆ ಎಷ್ಟು ಶಕ್ತಿಯ ಅಂತರವಿದೆ ಎಂಬುದನ್ನು ಕಲಬುರಗಿಯಲ್ಲಿ ಕುಳಿತೇ ಲೆಕ್ಕ ಹಾಕಬಹುದೆಂದು ನಂಬಿದವರು, ನಂಬಿ ಮಾಡಿ ತೋರಿಸಿದವರು ಪ್ರೊ. ಸುನಂದಾ ಅವರು. ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ನನಗೆ ಹೆಮ್ಮೆಯೂ ಇದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಇನ್ನು ಮೇಲೆ ಅವರಿಗೆ ಬಿಡುವೋ ಬಿಡುವು!

ಕೋಟನೂರಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದ ಮೇಡಂ, ಕಮಲಾಪುರದ ಬಸ್ಸು ತಡವಾಯಿತೆಂಬ ನನ್ನ ನೆಪವನ್ನು ಒಮ್ಮೆಯೂ ಒಪ್ಪಿದವರಲ್ಲ. ಅವರ ವಿಭಾಗದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು: ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಮೊದಲಿನಿಂದ ಮಾಡಬೇಕು. ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಎರಡೇ ತಿಂಗಳಿದ್ದಾಗ ನನ್ನ ಪಾಲಿಗೆ ಬಂದದ್ದು ಮೇಡಂ ಅವರದೇ ಹಳೆಯ ಲೇಖನ, ಮ್ಯಾಂಗನೀಸ್ ಸಲ್ಫೈಡಿನದು. ಅವರ ಲೆಕ್ಕದಲ್ಲಿ ಬಂದ ಶಕ್ತಿಯ ಅಂತರ ಚಿಕ್ಕದು, ಸಹೋದ್ಯೋಗಿ ಚಾಂದಪಾಶಾ ಸರ್ ಪ್ರಯೋಗದಲ್ಲಿ ಅಳೆದದ್ದು ದೊಡ್ಡದು. ಸರ್ ಅಳತೆಗೆ ಬಳಸಿದ ಸಲ್ಫೈಡಿನ ಮಾದರಿಯೇ ಅಶುದ್ಧವೆಂದು ಆ ಲೇಖನ ತೀರ್ಪು ಕೊಟ್ಟಿತ್ತು.

ಈ ಸಲ್ಫೈಡಿನಲ್ಲಿ ಮ್ಯಾಂಗನೀಸ್ ಪರಮಾಣುಗಳು ಪುಟ್ಟ ಅಯಸ್ಕಾಂತಗಳು. ಒಂದು ಪದರದವು ಒಂದು ದಿಕ್ಕಿಗಿದ್ದರೆ ಪಕ್ಕದ ಪದರದವು ವಿರುದ್ಧ ದಿಕ್ಕಿಗೆ. ಅದನ್ನು ತೋರಿಸಲು ಲೆಕ್ಕಕ್ಕೆ ಹೆಚ್ಚು ಪರಮಾಣುಗಳು ಬೇಕು. ಅಂದಿನ ಕಂಪ್ಯೂಟರಿಗೆ ಅಷ್ಟು ತಾಕತ್ತಿರಲಿಲ್ಲ. ಮೇಡಂ ಎಲ್ಲವನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿದ್ದರು. ನಾನು ಸರಿಯಾಗಿ ಮಾಡಿದಾಗ ಉತ್ತರ ಚಾಂದಪಾಶಾ ಸರ್ ಅಳತೆಯ ಹತ್ತಿರ ಬಂದಿತು. ಮಾರ್ಗದರ್ಶಕರನ್ನೇ ತಪ್ಪೆಂದರೆ ನನ್ನ ಪ್ರಬಂಧದ ಗತಿ? ಮೂರು ವಾರ ಬಚ್ಚಿಟ್ಟು, ಕೊನೆಗೆ ಅಂಕಿಗಳನ್ನು ತಿದ್ದಿ ಅವರ ಉತ್ತರವನ್ನೇ ಒಪ್ಪಿಸಿದೆ.

ಮೇಡಂ ಹಾಳೆ ನೋಡಿದರು. “ಸಾಫ್ಟ್‌ವೇರ್ ಬ್ಯಾರೆ, ಮಷಿನ್ ಬ್ಯಾರೆ. ಮೂರನೇ ದಶಾಂಶದ ತನಕ ನನ್ನ ಉತ್ತರನೇ ಹ್ಯಾಂಗ ಬಂತವಾ, ಮೆಹರೀನ್?”

“ನಿಮ್ಮ ಲೆಕ್ಕ ತಪ್ಪು ಅದ ಅಂತ ಹೇಳ್ಲಾಕ ಧೈರ್ಯ ಆಗ್ಲಿಲ್ರೀ, ಮೇಡಂ.”

ನಿಜವಾದ ಲೆಕ್ಕವನ್ನು ತರಿಸಿಕೊಂಡು ಸಾಲುಸಾಲಾಗಿ ಓದಿದರು. ಬೈಗುಳಕ್ಕೆ ಕಾದು ನಿಂತಿದ್ದ ನನ್ನನ್ನು ಕರೆದುಕೊಂಡು ನೇರವಾಗಿ ಚಾಂದಪಾಶಾ ಸರ್ ಪ್ರಯೋಗಾಲಯಕ್ಕೆ ನಡೆದು, ಅವರ ವಿದ್ಯಾರ್ಥಿಗಳೆದುರೇ ಹೇಳಿದರು: “ಸರ್, ನಿಮ್ಮ ಮಾದರಿ ಶುದ್ಧ ಇತ್ತು. ನನ್ನ ಲೆಕ್ಕನೇ ತಪ್ಪಿತ್ತು. ಮಾಫ್ ಮಾಡ್ರಿ.”

ಚಾಂದಪಾಶಾ ಸರ್ ಕನ್ನಡಕ ತೆಗೆದರು. “ಹನ್ನೊಂದು ವರ್ಷ ಆತ್ರೀ ಮೇಡಂ. ಮೊದ್ಲು ಚಹಾ ಕುಡೀರಿ.”

ಅದೇ ವಾರ ಪತ್ರಿಕೆಗೆ ತಿದ್ದುಪಡಿ ಹೋಯಿತು. ‘ಈ ದೋಷವನ್ನು ಕಂಡುಹಿಡಿದವರು ನನ್ನ ವಿದ್ಯಾರ್ಥಿನಿ ಮೆಹರೀನ್’ ಎಂಬುದು ಅದರ ಮೊದಲ ವಾಕ್ಯ. ಆ ಒಂದು ವಾಕ್ಯದ ಬಲದಿಂದ ನನಗೆ ಪದವಿಯೂ ಬಂದಿತು, ಕಮಲಾಪುರದ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ನಾನು ಅಂಕಿ ತಿದ್ದಿದ್ದನ್ನು ಮಾತ್ರ ಮೇಡಂ ಇಂದಿನವರೆಗೆ ಯಾರ ಬಳಿಯೂ ಬಾಯಿ ಬಿಟ್ಟಿಲ್ಲ.

ಅವರಿಗೆ ದೀರ್ಘಾಯುಷ್ಯವಿರಲಿ, ನಮ್ಮ ಲೆಕ್ಕಗಳ ಮೇಲೆ ಅವರ ಕೆಂಪು ಪೆನ್ನು ಇನ್ನೂ ಬಹುಕಾಲ ಓಡಾಡುತ್ತಿರಲಿ. ಅವರು ನನಗಾಗಿ ಮುಚ್ಚಿಟ್ಟ ಮಾತನ್ನು ಅವರ ಗೌರವಾರ್ಥ ಹೊರಬರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ, ನನ್ನ ಹೆಸರು ಹಾಕಿ, ನಾನೇ ಹೇಳಿದ್ದೇನೆ.