ಉಪ್ಪಿನ ಹಬೆ

ಹೋದ ವಾರ ಕೊಯಮತ್ತೂರಿನ ಗಣಪತಿ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಮಗುವಿಗೆ ಮಾಸ್ಕ್ ಹಾಕಿ ಹಬೆ ಕೊಡುತ್ತಿದ್ದರು. ಹೊಸ ಪ್ಲಾಸ್ಟಿಕ್ಕಿನ ವಾಸನೆ, ನನ್ನ ತುಟಿಯ ಮೇಲೂ ಸಣ್ಣಗೆ ಉಪ್ಪು. ಅಲ್ಲಿ ಕೂರಲಾಗಲಿಲ್ಲ. ಎದುರು ಮನೆ ಅಕ್ಕ ನೆನಪಾದಳು...

ಕಾರಮಡೈ ಹತ್ತಿರದ ನೇಕಾರರ ಬೀದಿಯಲ್ಲಿ ನಮ್ಮದೂ ಅವಳದೂ ಎದುರುಬದುರು ಮನೆ. ಅಕ್ಕ ಸೋದರಮಾವನನ್ನೇ ಮದುವೆಯಾಗಿದ್ದಳು. ಹಾಗಾಗಿ ಅವಳನ್ನು ಎತ್ತಿ ಆಡಿಸಿದ ಅಜ್ಜಿಯೇ ಅವಳಿಗೆ ಅತ್ತೆ. ಬೀದಿಗೆಲ್ಲ ಆಕೆ ಅವ್ವ. ಬರೀ ಅತ್ತೆಯಾಗಿದ್ದರೆ ಅಕ್ಕ ಜಗಳಕ್ಕೆ ನಿಲ್ಲುತ್ತಿದ್ದಳು. ಸಾಕಿದವಳಿಗೆ ಎದುರಾಡುವುದು ಹೇಗೆ?

ಅಕ್ಕನ ಮಗಳಿಗೆ ಹುಟ್ಟಿನಿಂದಲೂ ಕೆಮ್ಮು. ಮುತ್ತಿಟ್ಟರೆ ಕೆನ್ನೆ ಉಪ್ಪುಪ್ಪು. ಕೊಯಮತ್ತೂರಿನ ಡಾಕ್ಟರು ಅದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂದರು. ಜೊತೆಗೆ ಹೋಗಿದ್ದ ನಾನೂ ಕೇಳಿಸಿಕೊಂಡೆ. ಶ್ವಾಸನಾಳದಲ್ಲಿ ಉಪ್ಪು ಹೊರಬರುವ ಬಾಗಿಲು ಹುಟ್ಟಿನಿಂದಲೇ ಕೆಟ್ಟಿದೆಯಂತೆ. ಸೋಂಕನ್ನು ಹೊಡೆಯಲು ಬರುವ ಬಿಳಿ ರಕ್ತಕಣಗಳು ಒಂದು ಕಿಣ್ವವನ್ನು ಸುರಿಸುತ್ತವೆ. ಅದು ಉಪ್ಪನ್ನು ಒಳಕ್ಕೆ ಎಳೆಯುವ ಬಾಗಿಲನ್ನು ಇನ್ನಷ್ಟು ತೆರೆಯುತ್ತದೆ. ಉಪ್ಪಿನ ಹಿಂದೆ ನೀರೂ ಹೋಗಿ ಕಫ ಒಣಗುತ್ತದೆ. ಜ್ವರ ಇಳಿದರೂ ಆ ಕೆಲಸ ನಿಲ್ಲುವುದಿಲ್ಲ, ಕಫ ಮತ್ತೆ ತೆಳುವಾಗಲು ದಿನವೂ ಉಪ್ಪುನೀರಿನ ಹಬೆ ಕೊಡಬೇಕು ಎಂದರು.

"ನೂಲಿಗೆ ಹಾಕಿದ ಗಂಜಿ ಒಣಗಿ ಅಂಟ್ಕೊಂಡಂಗೆ, ಅಲ್ವಾ?" ಎಂದಳು ಅಕ್ಕ, ಬಸ್ಸಿನಲ್ಲಿ. ಅವಳಿಗೆ ಎಲ್ಲವೂ ಅರ್ಥವಾಗಿತ್ತು.

ಅವ್ವ ಒಪ್ಪಲಿಲ್ಲ. "ಹುಡ್ಗಿ ಮೈಯೆಲ್ಲಾ ಉಪ್ಪು. ಮತ್ತೂ ಉಪ್ಪು ಕುಡಿಸ್ತೀಯಾ? ವೇಂಡಾಂ! ಕಾಚಲೂ ಬಿಟ್ತಲ್ಲ."

ಜ್ವರ ಬಿಟ್ಟದ್ದು ನಿಜವೇ. ಅವ್ವ ಹಬೆಯ ಮೆಷಿನ್ನನ್ನು ಅಟ್ಟಕ್ಕೆ ಏರಿಸಿದಳು. ಮಗು ಕೆಲವು ದಿನ ಆಡಿಕೊಂಡೇ ಇತ್ತು, ಕೆಮ್ಮು ಕೂಡ ಕಡಿಮೆಯಾಯಿತು. ಬೀದಿಯೆಲ್ಲ ಅವ್ವನನ್ನು ಹೊಗಳಿತು. ನನಗೆ ಆ ಕೆಮ್ಮು ಕಡಿಮೆಯಾದದ್ದೇ ಭಯ. ಕಫ ಮೇಲೆ ಬರುವುದು ನಿಂತಿತ್ತು, ಅಷ್ಟೆ. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಾಗ ಮಗುವಿನ ಉಸಿರು ನಮ್ಮ ಜಗುಲಿಗೂ ಕೇಳುತ್ತಿತ್ತು...

ಮತ್ತೆ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕೈ ಮೀರಿತ್ತು.

ಹೂಳುವಾಗ ಗುಂಡಿಗೆ ಉಪ್ಪು ಸುರಿಯುವುದು ನಮ್ಮವರ ಪದ್ಧತಿ. ಗಂಡಸರು ಉಪ್ಪಿನ ಮೂಟೆ ಹೊತ್ತು ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಬದ್ಕಿರುವಾಗ ಒಂದು ಚಿಟಿಕೆ ಬ್ಯಾಡ ಅಂದ್ರಿ. ಈಗ ಮೂಟೆನೇ ತಂದೀರಾ?"

ಅವ್ವ ಗೋಡೆ ಕಡೆಗೆ ತಿರುಗಿ ಕೂತಳು.

ಮರುತಿಂಗಳು ಅಕ್ಕ ತಿರುಪ್ಪೂರಿನ ಬನಿಯನ್ ಕಂಪನಿಗೆ ಕೆಲಸಕ್ಕೆಂದು ಹೋದಳು. ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ, ನನಗೂ ಫೋನ್ ಮಾಡಲಿಲ್ಲ. ಆ ಮಗುವಿನ ಜೊತೆ ಅವಳನ್ನೂ ಕಳೆದುಕೊಂಡೆ.

ಊರಿಗೆ ಹೋದಾಗಲೆಲ್ಲ ಅವ್ವ ನನ್ನ ಕೈ ಹಿಡಿದು ಕೇಳುತ್ತಾಳೆ, "ಅವಳ್ಗೆ ನನ್ ಮೇಲೆ ಇನ್ನೂ ಕೋಪಾನಾ?" ಇಲ್ಲ ಅವ್ವಾ ಎಂದು ಒಂದು ಸುಳ್ಳು ಹೇಳಿದರೆ ಮುದುಕಿಗೆ ನಿದ್ದೆಯಾದರೂ ಬಂದೀತು. ನನ್ನ ಬಾಯಿಗೆ ಅದು ಬರುವುದೇ ಇಲ್ಲ.