ಕೂಸಿನ ತೂಕ ಕದ್ದ ದುರುಗವ್ವ

ದುರುಗವ್ವ ಕುಷ್ಟಗಿ ಕಡೆಯವಳು. ಏಳನೇ ತರಗತಿ ಪಾಸಾಗಿ, ಕಾಲುವೆಗೆ ನೀರು ಬಿಡುವ ಕೆಲಸದ ತಿರುಪತಿಯನ್ನು ಮದುವೆಯಾಗಿ ನವಲಿಗೆ ಬಂದಿದ್ದಳು. ೧೯೮೪ರಲ್ಲಿ ಊರಿಗೆ ಅಂಗನವಾಡಿ ಬಂತು. ಅವಳಿದ್ದ ಓಣಿಯ ಸೊಸೆಯಂದಿರಲ್ಲಿ ಓದು ಬರಹ ಬರುತ್ತಿದ್ದವಳು ಅವಳೊಬ್ಬಳೇ, ಹೀಗಾಗಿ ಕೆಲಸ ಅವಳಿಗೇ ಸಿಕ್ಕಿತು. ಕೆಲಸದ ಜೊತೆಗೆ ಒಂದು ಸ್ಪ್ರಿಂಗ್ ತಕ್ಕಡಿ, ಕೂಸನ್ನು ಕೂಡಿಸಿ ಅದಕ್ಕೆ ನೇತುಹಾಕುವ ಚಡ್ಡಿಯಂಥ ಬಟ್ಟೆಚೀಲ, ಕೂಸಿಗೊಂದರಂತೆ ಕಾರ್ಡು ಬಂದವು. ತಿಂಗಳಿಗೊಮ್ಮೆ ತೂಗಿ ಕಾರ್ಡಿನಲ್ಲಿ ಚುಕ್ಕಿ ಇಡಬೇಕು. ಚುಕ್ಕಿಗೆ ಚುಕ್ಕಿ ಕೂಡಿಸಿದರೆ ಗೆರೆ ಮೇಲೇರಬೇಕು. ಏರದಿದ್ದರೆ ಕೂಸಿಗೆ ಏನೋ ಕೊರತೆಯಿದೆ ಎಂದು ಅರ್ಥ.

ಮೊದಲ ತಿಂಗಳು ಒಂದೂ ಚುಕ್ಕಿ ಬೀಳಲಿಲ್ಲ. ಕಾರಣ ಮುದಕಮ್ಮ. ಆ ಓಣಿಯಲ್ಲಿ ಮುದಕಮ್ಮನ ಮಾತು ಮೀರುವವರಿರಲಿಲ್ಲ. ಹತ್ತಿ ತೂಗಿದ ಹಾಗೆ ಕೂಸು ತೂಗಿದರೆ ದೃಷ್ಟಿ ತಾಕುತ್ತದೆ, ತೂಗಿದ ಕೂಸು ಬೆಳೆಯುವುದಿಲ್ಲ ಎಂದು ಅವಳು ಮನೆ ಮನೆಗೆ ಹೇಳಿಟ್ಟಿದ್ದಳು. ಅವಳ ಸೊಸೆ ಹಂಪವ್ವನಿಗೆ ಆಗಷ್ಟೇ ಮೂರು ತಿಂಗಳ ಗಂಡುಕೂಸಿತ್ತು, ಹೆಸರು ಮಾರೆಪ್ಪ. ಅದು ಸದಾ ಅಜ್ಜಿಯ ಟೊಂಕದ ಮೇಲೆಯೇ ಇರುತ್ತಿತ್ತು. ದುರುಗವ್ವ ಎರಡು ಸಲ ಕೇಳಿದಳು, ಎರಡು ಸಲವೂ ಬೈಸಿಕೊಂಡಳು. ಮೂರನೇ ಸಲ ಕೇಳಲಿಲ್ಲ.

ಓಣಿಯ ತುದಿಗೆ ಮಲಿಕಸಾಬನ ಅಕ್ಕಿ ಅಂಗಡಿ. ಅಲ್ಲಿ ಚೀಲ ತೂಗುವ ಕಬ್ಬಿಣದ ದೊಡ್ಡ ಕಾಟಾ ಇತ್ತು. ಮಲಿಕಸಾಬನ ಹೆಂಡತಿ ಇಮಾಮಬೀ ಮತ್ತು ಮುದಕಮ್ಮ ಇಬ್ಬರೂ ಒಂದೇ ವಾರಗೆಯವರು, ದಿನಾ ಸಂಜೆ ಅಂಗಡಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂಡುವವರು. ಒಂದು ಸೋಮವಾರ ದುರುಗವ್ವ ಅಲ್ಲಿಗೆ ಹೋಗಿ, ಏನೂ ಅರಿಯದವಳ ಹಾಗೆ, ನಿಮ್ಮಿಬ್ಬರಲ್ಲಿ ಯಾರು ಹೆಚ್ಚು ತೂಕ ಇದ್ದೀರಿ ಎಂದು ಕೇಳಿದಳು. ಮನೆಯ ಅನ್ನ ಮೈಯಲ್ಲಿ ಕಾಣಬೇಕು ಎನ್ನುತ್ತಿದ್ದ ಕಾಲ ಅದು. ತಾನೇ ಹೆಚ್ಚು ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಮುದಕಮ್ಮ ಕೂಸಿನ ಸಮೇತ ಕಾಟಾ ಹತ್ತಿದಳು. ಐವತ್ತಾರು ಕಿಲೋ. ಮೊಮ್ಮಗನನ್ನು ಹೊತ್ತು ನಿಂತರೆ ಅದು ನಿನ್ನ ತೂಕ ಹೇಗಾಗುತ್ತದೆ ಎಂದು ಇಮಾಮಬೀ ತಕರಾರು ತೆಗೆದು ಕೂಸನ್ನು ಎತ್ತಿಕೊಂಡಳು. ಮುದಕಮ್ಮ ಒಬ್ಬಳೇ ನಿಂತಾಗ ಐವತ್ತೊಂದು. ಇಮಾಮಬೀ ಐವತ್ತಮೂರು. ಸೋತ ಮುದಕಮ್ಮ ಮುಂದಿನ ತಿಂಗಳು ನೋಡುತ್ತೇನೆ ಎಂದು ಸೆರಗು ಝಾಡಿಸಿಕೊಂಡು ಎದ್ದು ಹೋದಳು. ದುರುಗವ್ವ ಅಂಗನವಾಡಿಗೆ ಬಂದು, ಐವತ್ತಾರರಲ್ಲಿ ಐವತ್ತೊಂದು ಕಳೆದು, ಮಾರೆಪ್ಪನ ಕಾರ್ಡಿನಲ್ಲಿ ಐದು ಕಿಲೋಕ್ಕೆ ಚುಕ್ಕಿ ಇಟ್ಟಳು.

ಅಲ್ಲಿಂದ ತಿಂಗಳ ಮೊದಲ ಸೋಮವಾರ ಈ ಪಂದ್ಯ ತಪ್ಪಲಿಲ್ಲ. ಮುದಕಮ್ಮ ಪ್ರತಿ ಸಲ ಕೂಸಿನೊಂದಿಗೇ ಬರುವಳು, ಕೂಸಿನೊಂದಿಗೇ ಮೊದಲು ಹತ್ತುವಳು, ಆಮೇಲೆ ಒಬ್ಬಳೇ. ಪ್ರತಿ ಸಲ ಸೋಲುವಳು, ಅಂತರ ಮಾತ್ರ ಬರಬರುತ್ತ ಅರ್ಧ ಕಿಲೋಕ್ಕೆ ಇಳಿದಿತ್ತು. ಮಾರೆಪ್ಪನ ಗೆರೆ ಚೆಂದವಾಗಿ ಏರುತ್ತ, ಅವನಿಗೆ ಏಳು ತಿಂಗಳಾದಾಗ ಏಳು ಕಿಲೋ ಮುಟ್ಟಿತು.

ಕೂಸಿನ ಎಂಟನೇ ತಿಂಗಳು ಮುದಕಮ್ಮ ಗೆದ್ದಳು. ಗೆದ್ದ ಖುಷಿಗೆ ಎಲ್ಲರಿಗೂ ಬೆಲ್ಲ ಹಂಚಿದಳು. ದುರುಗವ್ವ ಮನೆಗೆ ಬಂದು ಲೆಕ್ಕ ಹಾಕಿದರೆ ಕೂಸು ಆರೂವರೆ ಕಿಲೋ ಇತ್ತು. ಏರಬೇಕಾದದ್ದು ಅರ್ಧ ಕಿಲೋ ಇಳಿದಿತ್ತು. ಮತ್ತೆ ಮತ್ತೆ ಕಳೆದು ನೋಡಿದರೂ ಅಷ್ಟೇ ಬಂತು.

ಮರುದಿನ ಕಾಲುವೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹಂಪವ್ವನಿಗೆ ತಾನು ಮಾಡಿದ ಕಿತಾಪತಿಯನ್ನೆಲ್ಲ ಒಪ್ಪಿಸಿ, ಕೂಸಿಗೆ ಭೇದಿ ಏನಾದರೂ ಆಗಿತ್ತೇ, ಹಾಲು ಸಾಲುತ್ತಿಲ್ಲವೇ ಎಂದು ಕೇಳಿದಳು. ಹಂಪವ್ವ ನಕ್ಕಳು. ಹೋದ ತಿಂಗಳ ಅಂಗಿ ಈಗ ತೋಳಿಗೇ ಏರುವುದಿಲ್ಲ, ನನ್ನ ತಾಟಿನ ರೊಟ್ಟಿಯನ್ನೇ ಕಸಿದುಕೊಳ್ಳುತ್ತಾನೆ ಎಂದಳು. ಆದರೆ ದುರುಗವ್ವನಿಗೆ ಕಣ್ಣಿಗಿಂತ ಕಾರ್ಡಿನ ಮೇಲೆ ನಂಬಿಕೆ. ಜೋಳದ ಹಿಟ್ಟು, ಶೇಂಗಾ, ಬೆಲ್ಲ ಹಾಕಿ ಗಂಜಿ ಕಾಯಿಸಿ ಮುದಕಮ್ಮನ ಕಣ್ಣು ತಪ್ಪಿಸಿ ಹಂಪವ್ವನಿಗೆ ಕೊಡತೊಡಗಿದಳು. ಮಾರೆಪ್ಪ ಮನೆಯಲ್ಲೂ ತಿಂದ, ಅಂಗನವಾಡಿಯದೂ ತಿಂದ. ಇತ್ತೀಚೆಗೆ ಟೊಂಕ ನೋಯುತ್ತದೆ ಎಂದು ಮುದಕಮ್ಮ ಗೊಣಗಿದಳು. ಒಂಬತ್ತನೇ ತಿಂಗಳೂ ಅವಳೇ ಗೆದ್ದಳು. ಕೂಸು ಮಾತ್ರ ಅದೇ ಆರೂವರೆ.

ದುರುಗವ್ವ ಈಗ ನಿಜಕ್ಕೂ ಹೆದರಿದಳು. ಗಂಗಾವತಿಗೆ ಡಾಕ್ಟರ ಹತ್ತಿರ ಒಯ್ಯೋಣವೆಂದರೆ ಮುದಕಮ್ಮನಿಗೆ ಹೇಳಲೇಬೇಕು. ಹೇಳಿದರೆ ಊರಲ್ಲಿ ಇರಲು ಬಿಡುವುದಿಲ್ಲ. ಇನ್ನೊಂದು ತಿಂಗಳು ನೋಡಿ, ಗೆರೆ ಏರದಿದ್ದರೆ ಬೈಸಿಕೊಂಡರೂ ಸರಿ, ಎಲ್ಲ ಹೇಳಿಬಿಡುವುದೆಂದು ಗಂಡನ ಮುಂದೆ ಹೇಳಿದಳು.

ಕೂಸಿನ ಹತ್ತನೇ ತಿಂಗಳ ಸೋಮವಾರ. ಕೂಸಿನೊಂದಿಗೆ ತೂಗಿದ್ದಾಯಿತು. ಕೂಸನ್ನು ಇಮಾಮಬೀಯ ಕೈಗೆ ಕೊಟ್ಟು, ನೆರಿಗೆ ಸರಿಮಾಡಿಕೊಂಡು ಬರುತ್ತೇನೆ ಎಂದು ಮುದಕಮ್ಮ ಅಕ್ಕಿ ಚೀಲಗಳ ಮರೆಗೆ ಹೋದಳು. ಬಂದು ಕಾಟಾದ ಮೇಲೆ ಕಾಲಿಟ್ಟದ್ದೇ ತಡ, ಅವಳ ಉಡಿಯಿಂದ ಏನೋ ಜಾರಿ ಕಬ್ಬಿಣದ ಹಲಗೆಯ ಮೇಲೆ ಠಣ್ಣೆಂದು ಬಿತ್ತು. ಮಲಿಕಸಾಬ ಬಗ್ಗಿ ಎತ್ತಿದ. ಅವನದೇ ಕೈತಕ್ಕಡಿಯ ಎರಡು ಕಿಲೋದ ತೂಕದ ಕಲ್ಲು.

ಇಮಾಮಬೀ ನಗು ತಡೆಯಲಾಗದೆ ಕೂಸಿನ ಸಮೇತ ಚೀಲದ ಮೇಲೆ ಕೂತುಬಿಟ್ಟಳು. ದುರುಗವ್ವ ನಗಲಿಲ್ಲ. ಮುದಕಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: "ಯಮ್ಮಾ, ಹೋದ ತಿಂಗಳು ಎಷ್ಟರ ಕಲ್ಲು ಇಟ್ಕೊಂಡಿದ್ರಿ?"

"ಒಂದರದು, ಅರ್ಧದ್ದು, ಎರಡೂ ಕೂಡಿ ಒಂದೂವರಿ."

"ಅದರ ಹಿಂದಿನ ತಿಂಗಳು?"

"ಒಂದ ಕಿಲೋ. ಯಾಕವ್ವಾ, ಅದನ್ನ ಕಟ್ಕೊಂಡು ನಿನಗೇನಾಗಬೇಕಾಗೈತಿ?"

ದುರುಗವ್ವ ಬೆರಳು ಮಡಚಿ ಲೆಕ್ಕ ಮಾಡಿದಳು. ಮುದಕಮ್ಮನ ತೂಕಕ್ಕೆ ಸೇರಿದ ಕಲ್ಲಿನಷ್ಟೇ ಕೂಸಿನ ಲೆಕ್ಕದಲ್ಲಿ ಕಡಿಮೆ ಬಿದ್ದಿತ್ತು. ಆರೂವರೆಗೆ ಒಂದು ಕೂಡಿಸಿದರೆ ಏಳೂವರೆ. ಆರೂವರೆಗೆ ಒಂದೂವರೆ ಕೂಡಿಸಿದರೆ ಎಂಟು. ಮಾರೆಪ್ಪನ ಗೆರೆ ಒಂದು ತಿಂಗಳೂ ನಿಂತಿರಲಿಲ್ಲ. ಅವಳಿಗೆ ಕಣ್ಣಲ್ಲಿ ನೀರು ಬಂತು. ಆ ಹೊತ್ತಿಗೆ ಬಾಯಿಗೆ ಬೀಗ ಇರಲಿಲ್ಲ, ಮೊದಲ ಸೋಮವಾರದಿಂದ ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಮುದಕಮ್ಮ ಕಾಟಾದಿಂದ ಕೆಳಗಿಳಿದಳು. ಆಮೇಲೆ, "ನನ್ನ ಮುಂದ ನಿಂತು, ನನ್ನ ಕೈಲೇ ನನ್ನ ಮೊಮ್ಮಗನ್ನ ತೂಗಿಸೀಯಲ್ಲ," ಎಂದಳು.

"ತಪ್ಪಾತ್ರೀ ಯಮ್ಮಾ."

"ಎಷ್ಟು ತಿಂಗಳಾತು?"

"ತೂಗಿದ್ದು ಎಂಟನೇ ಸಲ ಇದು."

ಮುದಕಮ್ಮ ಇಮಾಮಬೀಯ ತೊಡೆಯ ಮೇಲಿದ್ದ ಮಾರೆಪ್ಪನನ್ನು ನೋಡಿದಳು. ಅವನು ಒಂದು ಹಿಡಿ ಅಕ್ಕಿ ಬಾಯಿಗೆ ತುಂಬಿಕೊಳ್ಳುತ್ತಿದ್ದ. ಅವನ ರೆಟ್ಟೆ ಹಿಡಿದು ಒತ್ತಿ ನೋಡಿದಳು. ಕಡೆಗೆ ಉಡಿ ಝಾಡಿಸಿ ಖಾಲಿ ಮಾಡಿ ತೋರಿಸಿ ಮತ್ತೆ ಕಾಟಾ ಹತ್ತಿದಳು. "ಈಗ ಬರೋಬ್ಬರಿ ನೋಡು ಮಲಿಕಸಾಬ," ಎಂದಳು. ಮಾರೆಪ್ಪನ ಪಾಲಿಗೆ ಎಂಟೂವರೆ ಕಿಲೋ ಬಂತು. ಮುದಕಮ್ಮ ಇಮಾಮಬೀಗೆ ಮತ್ತೆ ಸೋತಳು.

ಮುಂದಿನ ತಿಂಗಳಿಂದ ಮಾರೆಪ್ಪ ಅಂಗನವಾಡಿಯ ಚೀಲದಲ್ಲೇ ಕೂತು ತೂಗಿಸಿಕೊಂಡ. ಮುದಕಮ್ಮನದು ಎರಡೇ ಕರಾರು: ಕೂಸಿನ ಕೆನ್ನೆಗೆ ಕಾಡಿಗೆ ಹಚ್ಚಬೇಕು, ತೂಕವನ್ನು ಗಟ್ಟಿಯಾಗಿ ಹೇಳದೆ ಅವಳ ಕಿವಿಯಲ್ಲಿ ಹೇಳಬೇಕು. ಕಿವಿಯಲ್ಲಿ ಕೇಳಿದ್ದನ್ನು ಅವಳೇ ಹೊರಗೆ ಬಂದು ಓಣಿಗೆಲ್ಲ ಸಾರುತ್ತಿದ್ದಳು. ಅದನ್ನು ಕೇಳಿ ಉಳಿದ ತಾಯಂದಿರೂ ಕೂಸುಗಳನ್ನು ತಂದರು. ತಾರದವರ ಮನೆಗೆ ಮುದಕಮ್ಮನೇ ಹೋಗಿ ಬೈದಳು.

ದುರುಗವ್ವ ಮಾರೆಪ್ಪನ ಕಾರ್ಡಿನಲ್ಲಿ ತಪ್ಪಾಗಿ ಬಿದ್ದಿದ್ದ ಎರಡು ಚುಕ್ಕಿಗಳನ್ನು ರಬ್ಬರಿನಿಂದ ಅಳಿಸಿದಳು. ಗಾಬರಿಯ ದಿನಗಳಲ್ಲಿ ಪೆನ್ಸಿಲು ಒತ್ತಿ ಇಟ್ಟ ಚುಕ್ಕಿಗಳವು, ತಿಕ್ಕಿ ತಿಕ್ಕಿ ಕಾರ್ಡೇ ತೂತಾಯಿತು. ತಪಾಸಣೆಗೆ ಬಂದ ಮೇಲ್ವಿಚಾರಕಿ ಅದನ್ನು ಬೆಳಕಿಗೆ ಹಿಡಿದು, ಇದೇನು ಎಂದು ಕೇಳಿದಳು. ದುರುಗವ್ವ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕೂತಿದ್ದ ಮುದಕಮ್ಮ ಉತ್ತರ ಕೊಟ್ಟಳು.

"ಇಲಿ ಕಡದೈತ್ರಿ ಬಾಯಾರ. ಭಾಳ ದೊಡ್ಡ ಇಲಿ."